ಮ್ಯೂನಿಕ್ ಶಾಲೆಯಲ್ಲಿ ತಕಧಿಮಿ

ವಿದೇಶದಲ್ಲಿರೋ ನಮ್ಮ ಮಕ್ಕಳಿಗೆ ಸಂಗೀತ ಅಂದ್ರೆ ಏನು ಗೊತ್ತಾ? ವರ್ಷಕ್ಕೊಮ್ಮೆ ರಾಜ್ಯೋತ್ಸವ, ಚುಚ್ಚುವ ಜರಿ ಬಟ್ಟೆ, ವೇದಿಕೆ ಮೇಲೆ ಒಂದು ಹಾಡು, ಕೆಳಗೆ ಮೊಬೈಲ್ ಹಿಡಿದ ಅಪ್ಪ ಅಮ್ಮ. ಅದು ತಪ್ಪು ಅಂತಲ್ಲ. ಆದರೆ ಮಾರನೆಯ ದಿನ ಶಾಲೆಯಲ್ಲಿ ಅದರ ಬಗ್ಗೆ ಅವರು ಬಾಯಿ ಬಿಡೋದಿಲ್ಲ.

ಇಲ್ಲಿ ಮ್ಯೂನಿಕ್‌ನಲ್ಲಿ ನನ್ನ ಅಕ್ಕನ ಮಗ ಎರಡನೇ ಕ್ಲಾಸು. ಮನೆಯಲ್ಲಿ ಅರಳು ಹುರಿದ ಹಾಗೆ ಕನ್ನಡ ಮಾತಾಡ್ತಾನೆ, ಶಾಲೆ ಹತ್ತಿರ ಬಂದರೆ ಅಮ್ಮನಿಗೂ ಜರ್ಮನ್‌ನಲ್ಲೇ ಉತ್ತರ. ಅಕ್ಕನಿಗೆ ಅದೇ ಸಂಕಟ. ಮನೆಯವರು ಯಾರಾದರೂ ಬಂದು ನಿಮ್ಮ ಕಡೆಯ ಸಂಗೀತ ತೋರಿಸಿ ಅಂತ ಟೀಚರ್ ಕೇಳಿದಾಗ, ಮೈಸೂರಲ್ಲಿ ಎಂಟು ವರ್ಷ ಮೃದಂಗ ಕಲಿತ ನನ್ನ ಹೆಸರನ್ನು ಅಕ್ಕ ಕೊಟ್ಟೇಬಿಟ್ಟಳು. ಅಳಿಯ ಷರತ್ತು ಹಾಕಿದ: "ಬಾ ಮಾಮ. ಆದ್ರೆ ಕನ್ನಡ ಮಾತಾಡ್ಬೇಡ, ಪ್ಲೀಸ್."

45 ನಿಮಿಷದ ಪೀರಿಯಡ್. ಹಿರಿಮೆ, ಪರಂಪರೆ ಅಂತ ಸ್ಲೈಡ್ ಮಾಡೋದು ನನಗೆ ಸುಲಭ, ದಿನಾ ಆಫೀಸಲ್ಲಿ ಮಾಡೋದೂ ಅದೇ. ಏಳು ವರ್ಷದವರಿಗೆ ಹಿರಿಮೆ ಕಟ್ಟಿಕೊಂಡು ಏನಾಗಬೇಕು?

ಕ್ಲಾಸಿನಲ್ಲಿ ಮರದ ಪಟ್ಟಿಗಳ ಪುಟ್ಟ ಕ್ಸೈಲೋಫೋನ್‌ಗಳಿದ್ದವು. 1895ರಲ್ಲಿ ಇದೇ ಮ್ಯೂನಿಕ್‌ನಲ್ಲಿ ಹುಟ್ಟಿದ ಕಾರ್ಲ್ ಓರ್ಫ್ ಅವರ ಪದ್ಧತಿಯ ವಾದ್ಯ. ಬೇಡದ ಪಟ್ಟಿ ಎತ್ತಿ ಪಕ್ಕಕ್ಕಿಡಬಹುದು. ಮಧ್ಯಮ, ನಿಷಾದ ತೆಗೆಸಿದೆ. ಅವರ ಲೆಕ್ಕದಲ್ಲಿ ಎಫ್ ಮತ್ತು ಹಾ (ಜರ್ಮನ್ನರಿಗೆ ನಿಷಾದದ ಹೆಸರೇ 'ಹಾ'!). ಉಳಿದದ್ದು ಸ ರಿ ಗ ಪ ದ. ನಮ್ಮ ಮೋಹನ ರಾಗದ ಸ್ವರಗಳು. ಯಾರು ಎಲ್ಲಿ ಬಡಿದರೂ ಕಿವಿಗೆ ಕಷ್ಟವಾಗಲ್ಲ. ಟೀಚರ್ ನಕ್ಕರು: ಹೊಸ ಮಕ್ಕಳಿಗೆ ಅವರು ಮೊದಲು ತೆಗೆಸೋದೂ ಇದೇ ಎರಡು ಪಟ್ಟಿಗಳನ್ನಂತೆ.

ಆಮೇಲೆ ಚಪ್ಪಾಳೆ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ. ಐದಕ್ಕೆ ಅರ್ಧ ಕ್ಲಾಸು ಎಡವಿತು, ಎಡವಿದ್ದೇ ಮಜಾ ಆಯ್ತು. ಅಷ್ಟರಲ್ಲಿ ಹಿಂದಿನ ಬೆಂಚಿನ ಟರ್ಕಿಶ್ ಮನೆತನದ ಹುಡುಗ ಎದ್ದ. ಅವನ ಚಿಕ್ಕಪ್ಪನ ಮದುವೆ ಕುಣಿತದ ತಾಳವಂತೆ, ಬಡಿದು ತೋರಿಸಿದ. ಎರಡು, ಎರಡು, ಎರಡು, ಮೂರು: ಒಂಬತ್ತು! ತಕ ತಕ ತಕ ತಕಿಟ ಅಂತ ನಾನು ಅದಕ್ಕೆ ಸೊಲ್ಲು ಕೊಟ್ಟೆ. ಎಂಟು ವರ್ಷ ಕಲಿತರೂ ನನ್ನ ಕೈಗೆ ಒಂಬತ್ತು ಇಷ್ಟು ಸಲೀಸಾಗಿ ಕೂತಿರಲಿಲ್ಲ.

ನನ್ನ ಅಳಿಯ ಅಲ್ಲಿಯವರೆಗೂ ತಲೆ ತಗ್ಗಿಸಿ ಕೂತಿದ್ದ. ಎಲ್ಲರೂ ಸೇರಿ "ತಕಡಿಮಿ, ತಕಡಿಮಿ" ಅಂತ ಕೂಗೋದನ್ನ ಎಷ್ಟು ಹೊತ್ತು ಸಹಿಸ್ತಾನೆ? ಸಿಡಿದ. "ಡಿ ಅಲ್ಲ, ಧಿ! ನಾಲಿಗೆ ಹಲ್ಲಿಗೆ ತಾಗಬೇಕು!" ಬೈದದ್ದು ಜರ್ಮನ್‌ನಲ್ಲಿ, ಆದರೆ ಆ 'ಧಿ' ಅಪ್ಪಟ ನಮ್ಮ ಮನೆಯದು. ಮಕ್ಕಳೆಲ್ಲ ಅವನ ಬಾಯನ್ನೇ ನೋಡಿದರು. ಇನ್ನೊಂದ್ಸಲ ಹೇಳು ಅಂದ ಪಕ್ಕದವಳು. ಹೇಳಿದ. ಮತ್ತೆ ಹೇಳಿದ.

ಮುಂದಿನ ತಿಂಗಳು ಮತ್ತೆ ಕರೆದಿದ್ದಾರೆ, ಏಳರ ಮಿಶ್ರ ಚಾಪು. ಉಚ್ಚಾರಣೆ ಹೇಳಿಕೊಡೋದು ತಾನಂತೆ, ಮಾಮ ಬರೀ ಮೃದಂಗ ನುಡಿಸಿದರೆ ಸಾಕಂತೆ.