ಫೋನಿಗೆ ಓಗೊಟ್ಟ ಗೋಡೆ

ಭದ್ರಾವತಿಗೆ ಹೋದರೆ ಕಾಗದನಗರವನ್ನೂ ಒಮ್ಮೆ ಸುತ್ತಿ ಬನ್ನಿ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯಿಂದ ಬಂದ ಹೆಸರು. ಪತ್ರಿಕೆಗಳಿಗೆ ಕಾಗದ ಒದಗಿಸಿದ ಆ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಈಗ ಸುದ್ದಿಯೆಲ್ಲ ಪರದೆಯ ಮೇಲೆ, ಅಲ್ಲವೇ? ಪೇಟೆಯ ದೊಡ್ಡ ಪರದೆಗಳು ಹೇಳುತ್ತಲೇ ಇರುತ್ತವೆ, ನಾವು ಸುಮ್ಮನೆ ನೋಡಬೇಕು. ಕಾಗದ ಬಂದರೆ ಮಾರುತ್ತರವಾದರೂ ಬರೀತಿದ್ದೆವು!

ಪರದೆಗೂ ಉತ್ತರ ಕೊಡಬಹುದು ಅಂತ ಜರ್ಮನಿಯ ಬರ್ಲಿನ್ನಿನಲ್ಲಿ 2001ರ ಸೆಪ್ಟೆಂಬರಿನಲ್ಲಿ ತೋರಿಸಿಕೊಟ್ಟರು. ಅಲ್ಲಿನ ‘ಶಿಕ್ಷಕರ ಭವನ’ದ ಮೇಲಿನ 8 ಅಂತಸ್ತು, ಒಂದೊಂದರಲ್ಲಿ 18 ಕಿಟಕಿ, ಪ್ರತಿ ಕಿಟಕಿಯ ಹಿಂದೊಂದು ದೀಪ. ಕಂಪ್ಯೂಟರು 144 ದೀಪಗಳನ್ನು ಹೊತ್ತಿಸಿ, ಆರಿಸಿ ಚಿತ್ರ ಮೂಡಿಸುತ್ತಿತ್ತು. ಬೀದಿಯಲ್ಲಿ ನಿಂತವರು ಒಂದು ನಂಬರಿಗೆ ಫೋನ್ ಮಾಡಿ, ಗುಂಡಿ ಒತ್ತುತ್ತಾ ಗೋಡೆಯ ಮೇಲೆ ಚೆಂಡಾಟ ಆಡಿದರು. ತಾವೇ ರಚಿಸಿದ ಪ್ರೇಮಪತ್ರವನ್ನೂ ಅಲ್ಲಿ ಬೆಳಗಿಸಬಹುದಿತ್ತು! 2002ರ ಫೆಬ್ರವರಿಯವರೆಗೆ ಇದು ನಡೆಯಿತು.

ನನಗೆ ಹಿಡಿಸಿದ್ದೇನು ಗೊತ್ತೇ? ಸಾದಾ ಗುಂಡಿ ಫೋನು ಸಾಕಾಗಿತ್ತು. ಈಗ ಎಲ್ಲೆಲ್ಲೂ ಕ್ಯೂಆರ್ ಕೋಡು. ಅದಕ್ಕೆ ಕ್ಯಾಮೆರಾ ಫೋನೇ ಬೇಕು. ಅದೋ, ಯಜಮಾನರ ಜೇಬಿನಲ್ಲಿ ಇಲ್ಲವೇ ಮಗನ ಕೈಯಲ್ಲಿ. ಕಾಗದನಗರದಲ್ಲಿ ಯಾರಾದರೂ ಇಂಥ ಗೋಡೆ ಬೆಳಗಿಸುವುದಾದರೆ, ನಮ್ಮ ಅತ್ತೆಯವರ ಗುಂಡಿ ಫೋನಿಗೂ ಅದು ಓಗೊಡಲಿ.