ದೊಡ್ಡಬಸಪ್ಪನ ಊರಲ್ಲಿ ಕಾರಿನ ನಡುಕ

ಗದಗದಿಂದ ಆಗ್ನೇಯಕ್ಕೆ ಸುಮಾರು 20 ಕಿ.ಮೀ. ಹೋದರೆ ಮುಂಡರಗಿ ತಾಲ್ಲೂಕಿನ ಡಂಬಳ. ದಾರಿಯುದ್ದಕ್ಕೂ ಹೊಲ, ದೂರದಲ್ಲಿ ಕಪ್ಪತಗುಡ್ಡದ ಸಾಲು, ಮೇಲೆ ತಿರುಗುವ ಗಾಳಿ ಫ್ಯಾನುಗಳು. ವೀಕೆಂಡಿಗೆ ಲಕ್ಕುಂಡಿ ನೋಡಿ ವಾಪಸ್ ಹೋಗುವವರು ಈ ಊರಿಗೂ ಅರ್ಧ ದಿನ ಇಟ್ಟುಕೊಳ್ಳಬೇಕು.

ನಾನು ಅಪ್ಪನ ಜೊತೆ ಹೋದ ಕಾರಣ ಮಾತ್ರ ಬೇರೆ. ಅಪ್ಪ ಈ ಸುತ್ತಿನ ಹಳ್ಳಿಯಲ್ಲೇ ಮಾಸ್ತರಾಗಿದ್ದವರು. 1998ರಲ್ಲಿ ಮಾರುತಿ 800 ಕೊಂಡಾಗ ಮೊದಲ ಪೂಜೆ ಮಾಡಿಸಿದ್ದು ಡಂಬಳದ ದೊಡ್ಡಬಸಪ್ಪನ ಮುಂದೆ. ನಾವು ಹೋದಾಗ ಕಾರಿಗೆ 25 ವರ್ಷ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ಸರಿಯಾಗಿ ಆ ಹೊತ್ತಿಗೇ ಕಾರು ನಿಂತಲ್ಲಿ ನಡುಗೋಕೆ ಶುರು ಮಾಡಿತ್ತು. ಓಡುವಾಗ ಏನೂ ಇಲ್ಲ, ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್, ಸೀಟು ಎಲ್ಲ ಗಡಗಡ. ಒಂದು ಗ್ಯಾರೇಜಿನವರು ಕಾರ್ಬೋರೇಟರ್ ಬದಲಿಸಬೇಕು ಅಂದರು. ಅಷ್ಟು ಖರ್ಚು ಮಾಡೋ ಬದಲು ಗುಜರಿಗೆ ಕೊಡಿ ಅಂತಲೂ ಹೇಳಿದರು. ಅಪ್ಪ ಜಾಸ್ತಿ ಮಾತಾಡಲಿಲ್ಲ. “ಒಂದ್ಸಲ ದೊಡ್ಡಬಸಪ್ಪಗ ಹೋಗಿ ಬರೂಣು ನಡಿಯವಾ” ಅಂದರು, ಅಷ್ಟೇ.

ದೊಡ್ಡಬಸಪ್ಪ ಗುಡಿ 12ನೇ ಶತಮಾನದ್ದು, ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯಲ್ಲಿರುವುದು ಲಿಂಗ. ಹೆಸರು ಬಂದಿದ್ದು ಅದರೆದುರಿನ ದೊಡ್ಡ ನಂದಿಯಿಂದ. ಗರ್ಭಗುಡಿಯ ನಕ್ಷೆ 24 ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ನಡುಬಿಂದುವಿನ ಸುತ್ತ 15 ಡಿಗ್ರಿಯಂತೆ ತಿರುಗಿಸುತ್ತಾ ಹೋಗಿ. ಆರು ಚೌಕ ಸೇರಿ 24 ಮೂಲೆ ಆಗುತ್ತೆ. ಅದೇ ಲೆಕ್ಕ ಶಿಖರದವರೆಗೂ ಏರುತ್ತೆ. ಹತ್ತಿರದಲ್ಲೇ ಸೋಮೇಶ್ವರ ಗುಡಿ ಇದೆ, ಊರಲ್ಲಿ ಮೆಟ್ಟಿಲುಗಳ ಜಪದ ಬಾವಿ ಇದೆ. 1095ರ ಇಲ್ಲಿನ ಶಾಸನವೊಂದು 16 ಮಂದಿ ಶೆಟ್ಟರು ಕಟ್ಟಿಸಿದ ಬೌದ್ಧ ವಿಹಾರದ ಬಗ್ಗೆ, ತಾರಾದೇವಿಯ ಗುಡಿಯ ಬಗ್ಗೆ ಹೇಳುತ್ತೆ. ವ್ಯಾಪಾರಿಗಳ ದೊಡ್ಡ ಊರಾಗಿತ್ತು ಅನ್ನೋಕೆ ಅಷ್ಟು ಸಾಕು.

ಗುಡಿ ನೋಡಿ ಬಂದು ಕಾರು ಸ್ಟಾರ್ಟ್ ಮಾಡಿದಾಗ, ಸಿಟಿಯ ಗದ್ದಲದಲ್ಲಿ ಕೇಳದ ಒಂದು ಸಣ್ಣ “ಸ್ಸ್” ಶಬ್ದ ಕೇಳಿಸಿತು. ಊರೊಳಗೆ ಬೈಕು, ಪಂಪ್‌ಸೆಟ್ ರಿಪೇರಿ ಮಾಡುವ ಒಬ್ಬ ಹುಡುಗನ ಅಂಗಡಿ ಮುಂದೆ ನಿಲ್ಲಿಸಿದೆವು.

“ಮಾಸ್ತರ್ರ, ಮಿಸ್ಸಿಂಗ್ ಹೊಡ್ಯಾಕತ್ತೈತ್ರಿ” ಅಂದ.

“ಕಾರ್ಬೋರೇಟರ್ ಹೋಗೇತಿ ಅಂದಾರಪಾ.”

“ತಡ್ರಿ, ಮೊದ್ಲ ನೋಡೂಣು.”

ಬಿಚ್ಚೋಕೆ ಹೋಗದೆ ಅವನು ಮೊದಲು ಮೂರೂ ಪ್ಲಗ್‌ಗಳ ಲೆಕ್ಕ ತೆಗೆದ. ಈ 796 ಸಿಸಿ ಇಂಜಿನ್‌ಗೆ ಇರೋದು ಮೂರೇ ಸಿಲಿಂಡರ್. ಒಂದು ಕೈಕೊಟ್ಟರೆ ಮೂರನೇ ಒಂದು ಭಾಗ ಶಕ್ತಿ ಹೋಯ್ತು. ಇನ್ಸುಲೇಟೆಡ್ ಇಕ್ಕಳದಿಂದ ಒಂದೊಂದೇ ಪ್ಲಗ್ ವೈರ್ ಎತ್ತಿ ಕೇಳಿದ. (ಕರೆಂಟ್ ಜೋರಾಗಿ ಹೊಡೆಯುತ್ತೆ, ಇದನ್ನು ನೀವು ಮಾಡಬೇಡಿ.) ವೈರ್ ಎತ್ತಿದಾಗ ಇಂಜಿನ್ ಇನ್ನಷ್ಟು ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡ್ತಿದೆ ಅಂತ, ಏನೂ ಬದಲಾಗದಿದ್ದರೆ ತೊಂದರೆ ಅಲ್ಲೇ. ಮೂರಕ್ಕೂ ಒಂದೇ ಸಮ ಕುಗ್ಗಿತು. ಅಂದರೆ ರೋಗ ಒಂದು ಸಿಲಿಂಡರ್‌ನದ್ದಲ್ಲ, ಮೂರಕ್ಕೂ ಹೋಗುವ ಗಾಳಿ–ಪೆಟ್ರೋಲಿನದ್ದು.

ಆಮೇಲೆ ನನಗೆ ಹೇಳಿದ: “ಅಕ್ಕಾರ, ಚೋಕ್ ಸ್ವಲ್ಪ ಎಳೀರಿ.” ಎಳೆದೆ. ಇಂಜಿನ್ ಬಿಸಿಯಾಗಿದ್ದರೂ ನಡುಕ ಕಮ್ಮಿಯಾಯಿತು! ಚೋಕ್ ಎಳೆದರೆ ಗಾಳಿ ಕಮ್ಮಿಯಾಗಿ ಪೆಟ್ರೋಲಿನ ಪಾಲು ಏರುತ್ತೆ. ಅದರಿಂದ ಸುಧಾರಿಸಿತು ಅಂದರೆ ಎಲ್ಲೋ ಲೆಕ್ಕಕ್ಕೆ ಮೀರಿ ಗಾಳಿ ನುಗ್ಗುತ್ತಿದೆ, ಇಲ್ಲವೇ ಐಡ್ಲಿಂಗ್ ಜೆಟ್‌ನಲ್ಲಿ ಕಸ ಕೂತು ಪೆಟ್ರೋಲ್ ಸಾಲುತ್ತಿಲ್ಲ. ಆ “ಸ್ಸ್” ಶಬ್ದ ಮೊದಲನೆಯದರ ಕಡೆಗೇ ಬೆರಳು ತೋರಿಸುತ್ತಿತ್ತು. ಸಣ್ಣ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಹಿಚುಕುತ್ತಾ ಬಂದ. ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಪೈಪು ಹಿಚುಕಿದಾಗ ಶಬ್ದ ನಿಂತಿತು, ಇಂಜಿನ್ ಸಮವಾಯಿತು. ಪೈಪಿನ ತುದಿ ಗಟ್ಟಿಯಾಗಿ ಬಿರಿದಿತ್ತು. ಬಿಸಿಲು, ಇಂಜಿನ್ ಕಾವು, 25 ವರ್ಷ. ಯಾವ ಕಾರಿನ ರಬ್ಬರಾದರೂ ಹೀಗಾಗುತ್ತೆ.

ಓಡುವಾಗ ಯಾಕೆ ಗೊತ್ತಾಗ್ತಿರಲಿಲ್ಲ? ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುತ್ತೆ, ಒಳಗಿನ ಎಳೆತ ಜೋರು, ಒಳಗೆ ಹೋಗುವ ಗಾಳಿ ಬಹಳ ಕಮ್ಮಿ. ಆಗ ಸಣ್ಣ ಬಿರುಕೂ ದೊಡ್ಡ ಪಾಲು ತಿನ್ನುತ್ತೆ. ವೇಗದಲ್ಲಿ ಗಾಳಿಯೇ ಹೆಚ್ಚಿರುವಾಗ ಅದು ಲೆಕ್ಕಕ್ಕಿಲ್ಲ.

ಬಿರಿದ ತುದಿ ಕತ್ತರಿಸಿ ಮತ್ತೆ ಸಿಕ್ಕಿಸಿದ. ಗದಗಕ್ಕೆ ಬಂದು ಹೊಸ ಪೈಪು ಹಾಕಿಸಿದೆವು. ಬೆಲೆ ಎರಡು ಪ್ಲೇಟ್ ಗಿರ್ಮಿಟ್‌ನಷ್ಟು! ಹೊಗೆ ತಪಾಸಣೆ ಐಡ್ಲಿಂಗ್‌ನಲ್ಲೇ ಮಾಡೋದ್ರಿಂದ ನನಗೆ ಭಯ ಇತ್ತು, ಪಾಸಾಯಿತು. ಆರ್‌ಸಿ ಐದು ವರ್ಷ ಮುಂದಕ್ಕೆ ಹೋಯಿತು. ಅಪ್ಪ ಗುಜರಿಯವರ ನಂಬರ್ ಡಿಲೀಟ್ ಮಾಡಿದ್ದನ್ನು ನಾನು ನೋಡಿದೆ, ಏನೂ ಕೇಳಲಿಲ್ಲ.

ಮನೇಲಿ ಕಾರ್ಬೋರೇಟರ್ ಕಾಲದ ಕಾರು ಇದ್ದರೆ ಈ ಕ್ರಮ ನೆನಪಿಟ್ಟುಕೊಳ್ಳಿ: ಏರ್ ಫಿಲ್ಟರ್, ಪ್ಲಗ್, ರಬ್ಬರ್ ಪೈಪು, ಐಡ್ಲಿಂಗ್ ಜೆಟ್, ಕಾರ್ಬೋರೇಟರ್ ಕೊನೆಗೆ. ಗ್ಯಾರೇಜಿನಲ್ಲಿ “ಏನು ಬದಲಿಸಬೇಕು” ಅನ್ನೋದಕ್ಕಿಂತ ಮುಂಚೆ “ಹೇಗೆ ಗೊತ್ತಾಯ್ತು” ಅಂತ ಕೇಳಿ. ಡಂಬಳಕ್ಕೆ ಹೋಗುವುದಾದರೆ ಬೆಳಗ್ಗೆಯೇ ಹೋಗಿ. ನಕ್ಷತ್ರದ ಮೂಲೆಗಳ ಮೇಲೆ ಎಳೆಬಿಸಿಲು ಓರೆಯಾಗಿ ಬಿದ್ದಾಗ, ಫೋನಿನಲ್ಲೂ ಫೋಟೋ ಚೆನ್ನಾಗಿ ಬರುತ್ತೆ.