ಶಂಕರಘಟ್ಟದ ಹಾಸ್ಟೆಲಿಗೆ

ಭದ್ರಾವತಿ

ಪ್ರೀತಿಯ ಪುಟ್ಟಿ,

ಸಿದ್ಧವಾದ ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಇಳಿಸಿಕೊಂಡರೆ ಸಾಕಲ್ಲ, ಮೂಲದಿಂದ ಯಾಕೆ ಕಟ್ಟಬೇಕು ಅಂತ ಫೋನಿನಲ್ಲಿ ಕೇಳಿದೆಯಲ್ಲ. ಜ್ಞಾನಸಹ್ಯಾದ್ರಿ ಕ್ಯಾಂಪಸ್ಸಿನಿಂದ ಎಂಸಿಎ ಮುಗಿಸಿ ಹೊರಡುವ ಮೊದಲು, ನೀನು ದಿನವೂ ಬಳಸುವ ಯಂತ್ರದ ಒಳಗನ್ನು ಒಮ್ಮೆಯಾದರೂ ಬುಡದಿಂದ ಕಾಣಬೇಕು ಅನ್ನುವುದು ನನ್ನ ಆಸೆ. ಲಿನಕ್ಸ್‌ನಲ್ಲಿ ಕರ್ನಲ್ ಒಂದು ಕಡೆಯಿಂದ ಬರುತ್ತದೆ, ಸುತ್ತಲಿನ ಉಪಕರಣಗಳು ಬೇರೆ ಬೇರೆ ಕಡೆಯಿಂದ. 1993ರಲ್ಲಿ ಶುರುವಾದ ಫ್ರೀಬಿಎಸ್‌ಡಿಯಲ್ಲಿ ಕರ್ನಲ್ಲೂ ಅಂಥ ಉಪಕರಣಗಳಿರುವ ಯೂಸರ್‌ಲ್ಯಾಂಡೂ ಒಂದೇ ಸೋರ್ಸ್ ಮರದಲ್ಲಿವೆ. ಒಂದು ಸಿಸ್ಟಮ್ ಕಾಲ್ ಕರ್ನಲ್ಲಿನಲ್ಲಿ ಹುಟ್ಟಿ, ಸಿ ಲೈಬ್ರರಿ ದಾಟಿ, ಒಂದು ಕಮಾಂಡಿಗೆ ತಲುಪುವ ಇಡೀ ದಾರಿಯನ್ನು ಅಲ್ಲೇ ಓದಬಹುದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಠ್ಯ ನಾನು ಕಂಡಿಲ್ಲ.

ಮೊದಲು ಆ ಮರದಲ್ಲಿರುವ ‘ಅಪ್‌ಡೇಟಿಂಗ್’ ಕಡತ ಓದು. ಆಮೇಲೆ ಯೂಸರ್‌ಲ್ಯಾಂಡ್ ಕಟ್ಟುವ ಬಿಲ್ಡ್‌ವರ್ಲ್ಡ್ ಓಡಿಸು. ಇರುವ ಕಂಪೈಲರ್ ಸಾಲದಿದ್ದರೆ ಅದು ಹೊಸ ಕಂಪೈಲರನ್ನೇ ಮೊದಲು ಕಟ್ಟಿಕೊಳ್ಳುತ್ತದೆ, ಉಳಿದದ್ದೆಲ್ಲ ಅದರಿಂದಲೇ. ಹಳೆಯ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಹೆಚ್ಚು ಹೊತ್ತು ತಿನ್ನುವುದು ಕ್ಲಾಂಗ್, ಎಲ್‌ಎಲ್‌ವಿಎಂ. ನಡುವೆ ಮಳೆಗೆ ಕರೆಂಟ್ ಹೋದರೂ ಚಿಂತೆಯಿಲ್ಲ. ಕಟ್ಟಿದ್ದೆಲ್ಲ ಪ್ರತ್ಯೇಕ ಡೈರೆಕ್ಟರಿಯಲ್ಲಿರುತ್ತದೆ, ಓಡುತ್ತಿರುವ ಸಿಸ್ಟಮ್ಮನ್ನು ಮುಟ್ಟುವುದಿಲ್ಲ. ಬಿಲ್ಡ್‌ಕರ್ನಲ್ ಕೂಡ ಹಾಗೆಯೇ.

ಇನ್‌ಸ್ಟಾಲ್ ಹಂತ ಹಾಗಲ್ಲ. ಅದು ವಾಸವಿರುವ ಮನೆಯ ತಳಪಾಯ ಬದಲಿಸುವ ಕೆಲಸ. ಇನ್‌ಸ್ಟಾಲ್‌ಕರ್ನಲ್ ಮೊದಲು, ನಂತರ ರೀಬೂಟ್, ಆಮೇಲಷ್ಟೇ ಇನ್‌ಸ್ಟಾಲ್‌ವರ್ಲ್ಡ್. ಹಳೆಯ ಪ್ರೋಗ್ರಾಮುಗಳು ಕೇಳುವುದು ಹೊಸ ಕರ್ನಲ್ಲಿಗೆ ಗೊತ್ತಿರುತ್ತದೆ. ಹೊಸ ಪ್ರೋಗ್ರಾಮುಗಳು ಕೇಳುವ ಹೊಸ ಸಿಸ್ಟಮ್ ಕಾಲ್ ಹಳೆಯ ಕರ್ನಲ್ಲಿಗೆ ಗೊತ್ತಿರುವುದಿಲ್ಲ. ಕ್ರಮ ತಪ್ಪಿದರೆ ಕಡತಗಳ ಪಟ್ಟಿ ತೋರಿಸುವ ಸಣ್ಣ ಕಮಾಂಡೂ ಕೈಕೊಡಬಹುದು. ಹೊಸ ಕರ್ನಲ್ ಬೂಟ್ ಆಗದಿದ್ದರೆ ಗಾಬರಿಯಾಗಬೇಡ, ಹಳೆಯದನ್ನು ‘ಕರ್ನಲ್ ಡಾಟ್ ಓಲ್ಡ್’ ಹೆಸರಿನಲ್ಲಿ ಇನ್‌ಸ್ಟಾಲ್‌ಕರ್ನಲ್ ಉಳಿಸಿಟ್ಟಿರುತ್ತದೆ. ಬೂಟ್ ಮೆನುವಿನಲ್ಲಿ ಆರಿಸಿಕೊಂಡರಾಯಿತು. ಯೂಸರ್‌ಲ್ಯಾಂಡಿಗೆ ಅಂಥ ಆಸರೆ ತಾನಾಗಿ ಸಿಗುವುದಿಲ್ಲ. ನಿನ್ನದು ಝಡ್‌ಎಫ್‌ಎಸ್ ಡಿಸ್ಕ್ ತಾನೆ? ಕೆಟ್ಟರೆ ಹಿಂದಿರುಗಲು ಮೊದಲೇ ಒಂದು ಬೂಟ್ ಎನ್ವಿರಾನ್‌ಮೆಂಟ್ ಮಾಡಿಟ್ಟುಕೋ. ನೀನು ತಿದ್ದಿದ ಕಾನ್ಫಿಗ್ ಕಡತಗಳನ್ನು ಹೊಸವುಗಳ ಜೊತೆ ಕೂಡಿಸಲು ಈಟಿಸಿಅಪ್‌ಡೇಟ್ ಇದೆ. ಅದು ಕೇಳುವ ಪ್ರಶ್ನೆಗಳಿಗೆ ಓದದೆ ಎಂಟರ್ ಒತ್ತಬೇಡ ಮಗಳೇ.

ನಿನ್ನ ಬ್ಯಾಟರಿ ನಿಲ್ಲುವುದಿಲ್ಲ ಅಂದೆ. ಹಾಗಾಗಿ ಕಟ್ಟುವುದನ್ನು ಹಾಸ್ಟೆಲಿನಲ್ಲೇ ಮುಗಿಸಿಕೊಂಡು, ಇನ್‌ಸ್ಟಾಲ್ ಮಾಡುವುದಕ್ಕೆ ಭಾನುವಾರ ಬಸ್ ಹತ್ತಿ ಮನೆಗೆ ಬಾ, ಇಲ್ಲಿ ಯುಪಿಎಸ್ ಇದೆ. ಅಷ್ಟರೊಳಗೆ ಬಿಲ್ಡ್ ಎಲ್ಲಾದರೂ ನಿಂತರೆ ಪರದೆಯ ಕೊನೆಯ ಸಾಲನ್ನು ಕಳಿಸಬೇಡ. ಹಲವು ಕೆಲಸಗಳು ಒಟ್ಟಿಗೆ ಓಡುವಾಗ ನಿಜವಾದ ದೋಷ ತುಂಬ ಮೇಲೆ ಹೂತಿರುತ್ತದೆ. ಲಾಗನ್ನು ಕಡತಕ್ಕೆ ಬರೆಸಿಕೋ, ಅದರಲ್ಲಿ ಮೊದಲ ಎರರ್ ಹುಡುಕಿ ನನಗೆ ಕಳಿಸು.

ನಿನ್ನ,
ಚಿಕ್ಕಪ್ಪ